ಡ್ರಿಲ್ ಮಾವನ ಷೇರು ಬೋರ್ಡು

ಮಧುಗಿರಿ ಬೆಟ್ಟದ ನೆರಳು ಬಿಟ್ಟು ಆಚೆ ಕಾಲಿಡದೆ ಇಡೀ ಬೊಂಬಾಯಿ ಷೇರುಪೇಟೆಯನ್ನು ಕುಣಿಸಿದವರು ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅವರು ಕೊಂಡ ಷೇರು ಎಷ್ಟು ಅಂತ ಮಾತ್ರ ಕೇಳಬೇಡಿ. ಒಂದೂ ಇಲ್ಲ.

ಎಂಬತ್ತರ ದಶಕದ ಮೊದಮೊದಲ ಮಾತು. ಶಾಲೆಯವರು ಬಿಸಾಡಿದ ಕರಿಹಲಗೆಯೊಂದನ್ನು ಮಾವ ತಮ್ಮ ಬಾಡಿಗೆ ಮನೆಯ ಜಗಲಿಗೆ ನೇತುಹಾಕಿದ್ದರು. ಸಂಜೆ ಬಸ್ಸಿಗೆ ಬರುವ ಪೇಪರು ನೋಡಿ ಷೇರುಗಳ ಬೆಲೆ ಬರೆದು, ಪೀ ಎಂದು ಸೀಟಿ ಊದುತ್ತಿದ್ದರು. ಆಮೇಲೆ ಯಾರು ಬೇಕಾದರೂ ಸೀಮೆಸುಣ್ಣ ಹಿಡಿದು ಅಭಿಪ್ರಾಯ ಬರೆಯಬಹುದು. ಹೆಸರು ಹಾಕುವಂತಿಲ್ಲ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸುವಂತಿಲ್ಲ. ಒದ್ದೆ ಬಟ್ಟೆಯ ಅಧಿಕಾರ ಮಾವನದು ಮಾತ್ರ.

ಅಷ್ಟಕ್ಕೇ ನಿಂತಿದ್ದರೆ ನಾನು ಗಾಬರಿಯಾಗುತ್ತಿರಲಿಲ್ಲ. ಶಿರಾ, ಕೊರಟಗೆರೆ, ಪಾವಗಡದಲ್ಲೂ ಅವರ ಡ್ರಿಲ್ ಮೇಷ್ಟ್ರು ಗೆಳೆಯರು ಒಂದೊಂದು ಬೋರ್ಡು ಹಾಕಿಬಿಡಬೇಕೆ! ಒಂದೂರಿನ ಅಭಿಪ್ರಾಯ ಇನ್ನೊಂದೂರಿಗೆ ಬಸ್ ಕಂಡಕ್ಟರ ಕೈಯಲ್ಲಿ ಚೀಟಿಯಾಗಿ ಹೋಗುತ್ತಿತ್ತು. ಇಲ್ಲಿ "ಸಿಮೆಂಟು ಏರುತ್ತದೆ" ಎಂದು ಬರೆದರೆ ಮರುದಿನ ಪಾವಗಡದಿಂದ ತೆಲುಗಿನಲ್ಲಿ ಬೈಗುಳ. ಬಸ್ಸು ಕೆಟ್ಟು ನಿಂತ ದಿನ ಷೇರುಪೇಟೆಗೆ ರಜೆ.

"ಮಾವ, ಇವರಲ್ಲಿ ಷೇರು ಕೊಂಡವರು ಯಾರು?" ಎಂದು ಒಮ್ಮೆ ಕೇಳಿದೆ.

"ಕೊಂಡೋರಿಗೆ ಭಯ ಇರ್ತದೆ ಕಣ್ಲಾ. ಕೊಳ್ದೇ ಇರೋರೇ ನಿಜ ಹೇಳೋದು."

ಇದಕ್ಕೆ ಏನು ಹೇಳುತ್ತೀರಿ?

ಒಂದು ಸಂಜೆ ಹೋದರೆ ಬೋರ್ಡಿನ ಮೇಲೆ ಮಾವನ ದಪ್ಪಕ್ಷರ: "ಮನೆಯವಳ ಸೈಟು ಮಾರಿ ಸಿಮೆಂಟ್ ಷೇರು ಕೊಳ್ಳಬಹುದೇ?" ಆ ಸೈಟು ಅತ್ತೆಗೆ ಅವರ ಅಪ್ಪ ಕೊಟ್ಟದ್ದು. ಅಲ್ಲೊಂದು ಪುಟ್ಟ ಮನೆ ಕಟ್ಟಬೇಕೆಂದು ಅವರು ಮದುವೆಯಾದಾಗಿನಿಂದ ಆಸೆಪಟ್ಟಿದ್ದರು. ಆ ಆಸೆಗೆ ಗುರುತಾಗಿ ನುಗ್ಗೆ ಗಿಡವನ್ನೂ ನೆಟ್ಟಿದ್ದರು.

ಬಸ್ಸಿನಲ್ಲಿ ಬಂದ ಉತ್ತರಗಳನ್ನೂ ಅದರ ಕೆಳಗೇ ಬರೆದಿತ್ತು. ಕೊರಟಗೆರೆ: "ಕಣ್ಮುಚ್ಚಿ ತಗೊಳ್ಳಿ." ಶಿರಾ: "ಬೇಷಕ್, ಅನುಮಾನವೇ ಬೇಡ." ಪಾವಗಡ: "ವೆಂಟನೇ ಕೊನಂಡಿ", ಅಂದರೆ ಕೂಡಲೇ ಕೊಳ್ಳಿ ಅಂತ. ಕಂಡವರ ಸೈಟು ಮಾರಿಸುವುದಕ್ಕೆ ಮೂರೂರಿಗೂ ಎಂಥ ಧೈರ್ಯ ನೋಡಿ!

ಮಾವ ಸೀಟಿಯನ್ನು ಬಾಯಿಗಿಟ್ಟರು. ಅಷ್ಟರಲ್ಲಿ ಅತ್ತೆ ರಾಗಿಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆ ಬೋರ್ಡಿನ ಕಡೆ ಒಮ್ಮೆಯೂ ಕಣ್ಣೆತ್ತಿ ನೋಡದವರು ಸೀಮೆಸುಣ್ಣ ತೆಗೆದುಕೊಂಡು, ಜಗಲಿಯಲ್ಲಿ ನೆರೆದವರೆಲ್ಲರ ಎದುರಿಗೇ ನಿಧಾನವಾಗಿ ಬರೆದರು: "ಈ ಬೋರ್ಡು ನೇತುಹಾಕುವುದಕ್ಕೆ ನಮ್ಮದೇ ಒಂದು ಗೋಡೆ ಬೇಡವೇ?"

ಜಗಲಿಯ ಪಂಡಿತರೆಲ್ಲ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು. ಮಾವ ಸೀಟಿ ಊದಲೇ ಇಲ್ಲ. ಒದ್ದೆ ಬಟ್ಟೆ ತಂದು ಮೂರೂರಿನ ಅಭಿಪ್ರಾಯವನ್ನೂ ತಮ್ಮ ಪ್ರಶ್ನೆಯನ್ನೂ ಒರೆಸಿದರು. ಅತ್ತೆಯ ಸಾಲನ್ನು ಮಾತ್ರ ಹಾಗೇ ಬಿಟ್ಟರು.

ಅತ್ತೆಯ ಸೈಟಿನಲ್ಲೇ ಮನೆ ಎದ್ದಿತು. ಆ ಸಾಲು ಅಳಿಯದಂತೆ ಬೋರ್ಡನ್ನು ಮಾವನೇ ಎದೆಗೆ ಅವಚಿಕೊಂಡು ಹೊತ್ತು ತಂದು ಹೊಸ ಗೋಡೆಗೆ ಹಾಕಿದರು. ಅತ್ತೆ ಆ ಮನೆಯಲ್ಲಿ ಬದುಕಿದ್ದು ಕೆಲವೇ ವರ್ಷ.

ಅವರು ಹೋದ ಮೇಲೆ ಒಂದು ಸಲ ಮಾವನನ್ನು ನೋಡಲು ಹೋಗಿದ್ದೆ. ಬೋರ್ಡಿನಲ್ಲಿ ಷೇರಿನ ಬೆಲೆ ಇರಲಿಲ್ಲ, ಅತ್ತೆಯ ಸಾಲೊಂದೇ ಇತ್ತು. ಮಾಸಿದ ಅಕ್ಷರಗಳ ಮೇಲೇ ಮಾವ ಸೀಮೆಸುಣ್ಣದಲ್ಲಿ ತಿದ್ದುತ್ತಿದ್ದರು. ನಾನು ಕೈ ಚಾಚಿದೆ.

"ಕೊಡಿ ಮಾವ, ನಾನು ಬರೀತೀನಿ" ಅಂದೆ.

"ಬ್ಯಾಡ, ಬುಡ್ಲಾ. ನೀನು ಬರದ್ರೆ ಅವ್ಳ ಕೈ ಅಳಿಸೋಯ್ತದೆ."