ಮೂರನೇ ಯೂನಿಟ್ಟಿನ ಮೇಲೆ ಎದ್ದು ನಿಂತ ತೆಂಗಿನಕಾಯಿಯವರಿಗೆ

ಹೊನ್ನವಳ್ಳಿ,
ತಿಪಟೂರು ತಾಲ್ಲೂಕು

ಮಾನ್ಯರೇ,

ತಮ್ಮ ಜುಟ್ಟಿಗೂ ಜುಟ್ಟಿನಡಿಯ ಮೂರು ಕಣ್ಣುಗಳಿಗೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ನಾನು ಬೋರ್‌ವೆಲ್ ಪಾಯಿಂಟ್ ನೋಡುವ ನಂಜುಂಡಪ್ಪನವರ ಮಗಳು ಚೈತ್ರ, ಅಂದರೆ ತಮ್ಮ ಮನೆಯವಳೇ. ನಮ್ಮ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ವಾಸವಾಗಿರುವ ತಾವು, ಅಪ್ಪನ ಅಂಗೈ ಮೇಲೆ ಅಡ್ಡ ಮಲಗಿ ತೋಟ ತೋಟ ತಿರುಗುತ್ತ, ನೆಲದಡಿ ನೀರಿರುವ ಕಡೆ ಸರಕ್ಕನೆ ಎದ್ದು ನಿಲ್ಲುವ ಸಂಗತಿಯನ್ನು ಸುತ್ತಲ ಹತ್ತು ಹಳ್ಳಿ ಬಲ್ಲದು. ನಮ್ಮ ಸ್ವಂತ ತೋಟದಲ್ಲಿ ತಮ್ಮ ಹಿರಿಯರು ಎದ್ದು ನಿಂತ ನಾಲ್ಕು ಜಾಗಗಳಲ್ಲಿ ಮೂರರಿಂದ ಬರೀ ಧೂಳು ಬಂದದ್ದನ್ನು ಇಲ್ಲಿ ಎತ್ತಿ ಆಡುವುದು ಮರ್ಯಾದೆಯಲ್ಲವಾದ್ದರಿಂದ ಎತ್ತುತ್ತಿಲ್ಲ.

ಬಿ.ಎಸ್ಸಿ. ಕೊನೆಯ ಸೆಮಿಸ್ಟರಿನಲ್ಲಿ ಕಾಂಪ್ಲೆಕ್ಸ್ ಅನಾಲಿಸಿಸ್ ಎಂಬ ಗಣಿತದ ಪತ್ರಿಕೆಯೊಂದಿದೆ. ಅದಕ್ಕೆ ಐದು ಯೂನಿಟ್ಟುಗಳು. ಅದು ಪಾಸಾದರೆ ನನಗೆ ಬಿ.ಎಡ್. ಸೀಟು, ಬಿ.ಎಡ್. ಆದರೆ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಏಳನೇ ಕ್ಲಾಸಿನಿಂದ ನಾನು ಆಸೆಪಟ್ಟಿದ್ದು ಅದೊಂದನ್ನೇ. ನನ್ನ ಸಹಪಾಠಿ ಜ್ಞಾನೇಶ್ ಎಂಟು ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗುಡ್ಡೆ ಹಾಕಿ, ಹುಣಸೆಮರ ವರ್ಷ ಬಿಟ್ಟು ವರ್ಷ ಕಾಯಿ ಬಿಡುವಂತೆ ಯಾವ ಪ್ರಮೇಯ ಯಾವ ವರ್ಷ ಬರುವುದೆಂದು ಪಟ್ಟಿ ಮಾಡಿದ. ಕೊನೆಗೆ ಪಟ್ಟಿ ಮಡಚಿಟ್ಟು, "ಈ ಲೆಕ್ಕ ನೂರಕ್ಕೆ ಐವತ್ತು ಸರಿ ಹೋಗ್ತೈತೆ ಕಣೇ. ಉಳಿದ ಐವತ್ತಕ್ಕೆ ಬೇರೆ ಏನಾರ ಮಾಡ್ಬೇಕು" ಎಂದ. ಆ ಉಳಿದ ಐವತ್ತೇ ತಾವು.

ಅಪ್ಪ ತುರುವೇಕೆರೆಯ ನೆಂಟರ ಗೃಹಪ್ರವೇಶಕ್ಕೆ ಹೋಗಿದ್ದ ದಿನ, ನಮ್ಮ ಮನೆಯಂಗಳದಲ್ಲಿ ಐದು ಯೂನಿಟ್ಟುಗಳ ಐದು ನೋಟ್‌ಬುಕ್ಕುಗಳನ್ನು ಮಾರು ಮಾರು ದೂರಕ್ಕೆ ಹರಡಿ, ಹೆಚ್ಚು ಪ್ರಶ್ನೆ ಯಾವುದರಿಂದ ಬರುವುದೆಂದು ಕೇಳಲು ಗೂಡಿನಿಂದ ತಮ್ಮನ್ನು ಇಳಿಸಿದೆವು. ರಕ್ತ ಓ ಪಾಸಿಟಿವ್ ಇರುವವರ ಕೈಗೇ ತಾವು ಒಲಿಯುವುದೆಂದು ಪ್ರತೀತಿ ಇರುವುದರಿಂದ, ಕೈ ನನ್ನದಾಯಿತು. ಒಂದನೇ ಯೂನಿಟ್ಟಿನ ಮೇಲೆ ತಾವು ಅಲುಗಲಿಲ್ಲ. ಎರಡರ ಮೇಲೆ ಕೊಂಚ ಹೊರಳಿ ಮತ್ತೆ ಮಲಗಿದಿರಿ. ಮೂರರ ಮೇಲೆ, ರಾಷ್ಟ್ರಗೀತೆ ಕೇಳಿಸಿತೇನೋ ಎಂಬಂತೆ ನೆಟ್ಟಗೆ ನಿಂತುಬಿಟ್ಟಿರಿ. ಜ್ಞಾನೇಶ್ ಕೈ ಮುಗಿದ. ಇಷ್ಟು ಖಚಿತವಾಗಿ ನಮಗೆ ಯಾವ ಮೇಷ್ಟರೂ ಇದುವರೆಗೆ ಏನನ್ನೂ ಹೇಳಿದವರಲ್ಲ.

ತಮ್ಮ ಮಾತನ್ನು ತಲೆಯ ಮೇಲೆ ಹೊತ್ತು, ಹದಿನೆಂಟು ದಿನ ನಾನು ಮೂರನೇ ಯೂನಿಟ್ಟನ್ನು ಅರೆದು ಕುಡಿದೆ. ಉಳಿದ ನಾಲ್ಕು ನೋಟ್‌ಬುಕ್ಕುಗಳನ್ನು ಅಮ್ಮ ಹಾಲಿನ ಪಾತ್ರೆಗೆ ಮುಚ್ಚಳ ಮಾಡಿಕೊಂಡರೂ ಯಾಕೆಂದು ಕೇಳಲಿಲ್ಲ. ಪರೀಕ್ಷೆಯಲ್ಲಿ ಆ ಯೂನಿಟ್ಟಿನಿಂದ ಬಂದದ್ದು ಐದು ಅಂಕದ ಒಂದೇ ಒಂದು ಪ್ರಶ್ನೆ. ಅದಕ್ಕೆ ಹನ್ನೊಂದು ಪುಟ ಉತ್ತರ ಬರೆದು, ಉಳಿದ ಪ್ರಶ್ನೆಗಳ ನಂಬರುಗಳನ್ನು ಅಂದವಾಗಿ ಬರೆದು ಅಡಿಗೆರೆ ಎಳೆದು, ಕೊನೆಯ ಗಂಟೆ ಹೊಡೆಯುವವರೆಗೂ ಕೂತಿದ್ದೆ. ಜ್ಞಾನೇಶನೂ ಫೇಲು, ನಾನೂ ಫೇಲು. ಬಿ.ಎಡ್. ಸೀಟು ಪಟ್ಟಿಯಲ್ಲಿ ನನ್ನ ಕೆಳಗಿದ್ದ ಹುಡುಗಿಗೆ ಹೋಯಿತು.

ಫಲಿತಾಂಶ ಬಂದ ದಿನ ಅಳುತ್ತ ಅಪ್ಪನಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಬೈಯಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ, "ಎಲ್ಲವ್ವ ನಿಂತಿದ್ದು ಕಾಯಿ?" ಎಂದರು. ತೋರಿಸಿದೆ. ಅಪ್ಪನ ಮುಖ ಊರಗಲವಾಯಿತು. "ಅಲ್ಲೇ ಕಣವ್ವ ನೀನ್ ಹುಟ್ಟೋಕ್ ಮುಂಚಿನ್ ಹಳೇ ಸಂಪ್ ಇರೋದು! ಮೇಲೆ ಮಣ್ಣು ಮುಚ್ಚೈತೆ ಅಷ್ಟೇಯ. ಸಂಪಿನ್ ತುಂಬ ನೀರೈತೆ. ಎದ್ದು ನಿಲ್ದೆ ಇನ್ನೇನ್ ಮಾಡೀತು? ವಿದ್ಯೆ ನಿನ್ ಕೈಗೂ ಬಂದೈತೆ ಬುಡು!"

ಹೀಗೆ, ನಮ್ಮ ಮನೆಯಲ್ಲಿ ಈ ವರ್ಷ ಪಾಸಾದವರು ತಾವೊಬ್ಬರೇ. ಹೃತ್ಪೂರ್ವಕ ಅಭಿನಂದನೆಗಳು. ಅಂದಿನಿಂದ ಅಪ್ಪ ನನ್ನ ಫೇಲನ್ನು ಮರೆತು ನನ್ನ ಅಂಗೈಯನ್ನು ಊರಿಗೆಲ್ಲ ಸಾರುತ್ತಿದ್ದಾರೆ. ಪಾಯಿಂಟ್ ಮೇಡಂ ಎಂಬ ಹೆಸರೂ ಬಂದಿದೆ. ಬರುವ ಸೋಮವಾರ ಬೆಳಿಗ್ಗೆ ನೊಣವಿನಕೆರೆಯ ತೋಟವೊಂದರಲ್ಲಿ ನಾನು ಪಾಯಿಂಟ್ ತೋರಿಸುತ್ತೇನೆಂದು ಮಾತು ಕೊಟ್ಟಾಗಿದೆ. ಅದೇ ಸೋಮವಾರ ಬೆಳಿಗ್ಗೆ ತಿಪಟೂರಿನಲ್ಲಿ ನನ್ನ ಮರುಪರೀಕ್ಷೆ. ದಿನ ಬದಲಾಯಿಸಿ ಎಂದರೆ, "ಪರೀಕ್ಷೆ ವರ್ಷಾ ವರ್ಷಾ ಬತ್ತೈತೆ ಕಣವ್ವ, ಕೈಗೆ ಬಂದ ವಿದ್ಯೆ ಬರಾಕಿಲ್ಲ" ಎನ್ನುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹ. ತಾವು ವಿಶ್ವವಿದ್ಯಾಲಯಕ್ಕೆ ಖುದ್ದಾಗಿ ದಯಮಾಡಿಸಿ, ಕುಲಸಚಿವರ ಮೇಜಿನ ಮೇಲೆ ಎದ್ದು ನಿಂತು, ನನ್ನ ಹನ್ನೊಂದು ಪುಟಗಳ ಕೆಳಗೆ ನೀರಿದೆಯೆಂದು ದೃಢೀಕರಿಸಬೇಕು. ಅದು ಕಷ್ಟವಾದರೆ, ಇನ್ನು ಮುಂದೆ ಯಾವ ಹುಡುಗಿಯ ಪುಸ್ತಕದ ಮೇಲೂ ಏಳದಂತೆ ತಮ್ಮ ಕುಲದವರಿಗೆಲ್ಲ ಸುತ್ತೋಲೆ ಹೊರಡಿಸಬೇಕು.

ಇಷ್ಟು ಬೈದ ಮೇಲೆ ನಿಜವನ್ನೂ ಹೇಳಿಬಿಡುತ್ತೇನೆ. ಐದರಲ್ಲಿ ನನಗೆ ಅಷ್ಟಿಷ್ಟು ಅರ್ಥವಾಗಿದ್ದದ್ದು ಮೂರನೆಯದೊಂದೇ. ತಾವು ಅಲ್ಲೇ ಏಳಲಿ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ನಾಲ್ಕರ ಮೇಲೆ ಎದ್ದಿದ್ದರೆ, ಕೈ ಜಾರಿತು, ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದೆ. ತಮ್ಮನ್ನು ನಂಬಿದ್ದಕ್ಕಿಂತ ಓದಿಗೆ ಹೆದರಿದ್ದೇ ಹೆಚ್ಚು. ಅದಕ್ಕೆ ನನಗೆ ತುಂಬ ನಾಚಿಕೆಯಾಗಿದೆ.

ಇಷ್ಟೆಲ್ಲ ಆದಮೇಲೂ,
ತಮ್ಮ ವಿಶ್ವಾಸಿ,
ಚೈತ್ರ ಎನ್.

ಮರೆತ ಮಾತು: ಸೋಮವಾರ ಬೆಳಿಗ್ಗೆ ನೊಣವಿನಕೆರೆಗೆಂದೇ ತಮ್ಮನ್ನು ಚೀಲದಲ್ಲಿಟ್ಟುಕೊಂಡು ಮನೆಯಿಂದ ಹೊರಡುತ್ತೇನೆ. ತಿಪಟೂರಿನಲ್ಲಿ ನೊಣವಿನಕೆರೆಯ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ತಮ್ಮನ್ನು ಕೂರಿಸಿ, ಹಿಂದಿನ ದಿನವೇ ಅಲ್ಲಿಗೆ ಹೋಗಿರುವ ಅಪ್ಪನ ಕೈಗೆ ಕೊಡಿ ಎಂದು ಕಂಡಕ್ಟರಿಗೆ ಹೇಳಿ, ನಾನು ಇಳಿದು ಪರೀಕ್ಷೆಗೆ ಹೋಗುತ್ತೇನೆ. ನನಗೆ ಟಿಕೆಟ್ಟು ಉಚಿತ, ತಮ್ಮದನ್ನು ನಾನೇ ಕೊಡಿಸುತ್ತೇನೆ. ಅಲ್ಲಿ ತೋಟದವರು ನೀರೆಲ್ಲಿ ಎಂದು ಕೇಳಿದರೆ, ತಮಗೆ ತೋಚಿದ ಕಡೆ ಏಳಿ. ಮೇಡಂ ಎಲ್ಲಿ ಎಂದು ಕೇಳಿದರೆ ಮಾತ್ರ, ಐದೂ ಯೂನಿಟ್ ಓದಿಕೊಂಡು ಹೋಗಿದ್ದಾಳೆ ಎಂದು ಅಪ್ಪನಿಗೆ ಕೇಳಿಸುವಂತೆ ಹೇಳಿ.