ನಡು ಆಕಾಶದಲ್ಲಿ ಕೆಲಸ ಬಿಟ್ಟ ಎಂಜಿನ್ ಮಹಾಶಯರಿಗೆ

ಮಾನ್ಯರೇ,

ಮುಷ್ಟಿಯೊಳಗೆ ಹಿಡಿಯುವಷ್ಟೇ ಗಾತ್ರವಿದ್ದರೂ ಇಡೀ ಬೀದಿಗೆ ಕೇಳಿಸುವ ಕಂಠವುಳ್ಳ, ಹರಳೆಣ್ಣೆಯಲ್ಲಿ ಮಿಂದು ಸದಾ ಮಿರಮಿರನೆ ಮಿಂಚುವ, ಕರೆದಾಗ ಬಾರದೆ ಕರೆಯದಿದ್ದಾಗ ಎದ್ದು ಕಿರುಚುವ ತಮ್ಮ ಪಾದಗಳಿಗೆ, ಪಾದಗಳು ಇಲ್ಲದ ಕಾರಣ ತಮ್ಮನ್ನು ವಿಮಾನದ ಮೂತಿಗೆ ಬಿಗಿದಿರುವ ಸ್ಕ್ರೂಗಳಿಗೆ, ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ನಿನ್ನೆ ಸಂಜೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಮ್ಮ ಮೈ ತಿಕ್ಕಿದವನು ನಾನೇ. ನನ್ನ ಕ್ಷೇಮದ ವಿಚಾರ ಕೇಳುವ ಅಭ್ಯಾಸ ತಮಗಿಲ್ಲವಾದರೂ ತಿಳಿಸುತ್ತೇನೆ: ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿದೆ, ಆದ್ದರಿಂದ ಅಕ್ಷರ ವಕ್ರವಾಗಿದ್ದರೆ ಅದು ತಮ್ಮದೇ ಕೃಪೆಯೆಂದು ತಿಳಿದು ಕ್ಷಮಿಸಬೇಕು.

ನಾನು ಯಾರೆಂದು ತಮಗೆ ತಿಳಿದಿರುವುದು ಒಳ್ಳೆಯದು. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂರಿಸುತ್ತಿದ್ದ ಹಳ್ಳಿ ಶಾಲೆಯಲ್ಲಿ ಓದಿ, ಮೂರನೆಯ ತರಗತಿಯಲ್ಲಿದ್ದುಕೊಂಡೇ ನಾಲ್ಕನೆಯದರ ಪಾಠವನ್ನೂ ಕದ್ದು ಕಲಿತ ಪ್ರತಿಭಾವಂತ ನಾನು. ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ನಾನು ತಾಮ್ರದ ತಂತಿ ಸುತ್ತಿ ಕೊಟ್ಟ ಪಂಪು ಮತ್ತೆ ಸುಟ್ಟಿದ್ದನ್ನು ಯಾರಾದರೂ ನೋಡಿದ್ದರೆ ಅವರು ಇನ್ನೂ ನನಗೆ ಹೇಳಿಲ್ಲ. ರಿಮೋಟಿನಲ್ಲಿ ಹಾರುವ ಬ್ಯಾಟರಿ ವಿಮಾನಗಳನ್ನು ಬಹಳ ವರ್ಷ ಹಾರಿಸಿ, ಆ ವಿದ್ಯೆಯಲ್ಲಿ ಇನ್ನು ಕಲಿಯುವುದೇನೂ ಉಳಿದಿಲ್ಲವೆಂದು ನನಗೆ ನಾನೇ ಪ್ರಮಾಣಪತ್ರ ಕೊಟ್ಟುಕೊಂಡಿದ್ದೆ. ಆ ಕೊಬ್ಬಿನಲ್ಲೇ ಒಂದು ಭಾನುವಾರ ಮೈದಾನದಲ್ಲಿ ಎಲ್ಲರೂ ಕೇಳುವಂತೆ, "ಬ್ಯಾಟರಿ ವಿಮಾನ ಅಂದ್ರೆ ರೆಕ್ಕೆ ಹಚ್ಚಿದ ಮಿಕ್ಸಿ ಕಣ್ರಯ್ಯಾ, ನಿಜವಾದ ವಿಮಾನ ಹೊಗೆ ಬಿಡ್ಬೇಕು" ಎಂದು ಘೋಷಿಸಿದೆ. ಅಲ್ಲೇ ಬ್ಯಾಟರಿ ಚಾರ್ಜಿಗೆ ಹಾಕುತ್ತಿದ್ದ ನನ್ನ ಹೆಂಡತಿಯ ತಮ್ಮ ತಲೆಯೆತ್ತದೆ, "ಭಾವ, ಮೊದ್ಲು ನಿಮ್ ಬಾಯಿಗೊಂದು ಸೈಲೆನ್ಸರ್ ಹಾಕ್ಸಿ" ಅಂದ. ಈ ಒಂದು ಮಾತಿನ ಹಟಕ್ಕೆ ತಮ್ಮನ್ನು ಮನೆಗೆ ತಂದೆನೇ ಹೊರತು, ತಮ್ಮ ಗುಣನಡತೆಯನ್ನು ವಿಚಾರಿಸಿ ಅಲ್ಲ ಎಂಬುದನ್ನು ವಿನಯಪೂರ್ವಕವಾಗಿ ಒಪ್ಪಿಕೊಳ್ಳುತ್ತೇನೆ.

ತಮಗೆ ತಕ್ಕ ವಿಮಾನವನ್ನು ನಾನೇ ಕಟ್ಟಿದೆ. ಆದರೆ ಅದರ ರೆಕ್ಕೆ ನನ್ನ ಹೆಂಡತಿಯದು. ಆಕೆಗೆ ಹೊಲಿಗೆ ಅಂಗಡಿ ಇದೆ. ಕಾಗದದಷ್ಟು ತೆಳುವಾದ ಬಣ್ಣದ ಹಾಳೆಯನ್ನು ಮರದ ಕಡ್ಡಿಗಳ ಮೇಲೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿಸಿಯೂ ಮುಟ್ಟಿಸದ ಹಾಗೆ ಆಡಿಸಿ, ಒಂದು ಸುಕ್ಕಿಲ್ಲದಂತೆ ಬಿಗಿಮಾಡುವ ಆ ಕೆಲಸವನ್ನು ನಾನು ಮಾಡಲು ಹೋದಾಗ ಹಾಳೆಯಲ್ಲಿ ತೂತು ಬಿದ್ದು, ಆಕೆ ನನ್ನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡಳು. ಗಿರಾಕಿಗಳ ರವಿಕೆಗಳನ್ನು ಪಕ್ಕಕ್ಕಿಟ್ಟು, ವಾರಗಟ್ಟಲೆ ಕೂತು, ಹಳದಿ ರೆಕ್ಕೆಗೆ ಕೆಂಪು ಅಂಚು ಕೊಟ್ಟು ಮುಗಿಸಿದ ದಿನ ಆಕೆ ಹಾಕಿದ ಷರತ್ತು ತಾವೂ ಡಬ್ಬಿಯೊಳಗಿನಿಂದ ಕೇಳಿಸಿಕೊಂಡಿರಬಹುದು: "ಎಂಜಿನ್ ನಿಮ್ದು, ರೆಕ್ಕೆ ನಂದು. ನನ್ ರೆಕ್ಕೆ ಹರ್ಕೊಂಡು ಬಂದ್ರೆ ನಿಮ್ ಎಂಜಿನ್ನು ಈ ಹೊಸಿಲು ದಾಟಂಗಿಲ್ಲ. ನೀವು ದಾಟ್ಬಹುದಾ ಅನ್ನೋದನ್ನ ಆಮೇಲೆ ಯೋಚ್ನೆ ಮಾಡ್ತೀನಿ."

ಇನ್ನು ತಮ್ಮ ಎಬ್ಬಿಸುವಿಕೆಯ ಉತ್ಸವ. ಬ್ಯಾಟರಿ ಮೋಟಾರಿಗೆ ಒಂದೇ ಮರ್ಯಾದೆ: ರಿಮೋಟಿನ ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ ತಿರುಗುತ್ತದೆ. ತಮಗೋ, ಮೊದಲು ಹೊಟ್ಟೆಗೆ ಇಂಧನ, ಆಮೇಲೆ ಇಂಧನದ ಹರಿವನ್ನು ಹಿಡಿದಿಡುವ ಸೂಜಿಯ ತಿರುಪನ್ನು ತಮ್ಮ ನಾಲಿಗೆಯ ರುಚಿಗೆ ತಕ್ಕಷ್ಟು ಬಿಚ್ಚಬೇಕು, ಆಮೇಲೆ ನೆತ್ತಿಯ ಮೇಲಿನ ಗ್ಲೋ ಪ್ಲಗ್ಗಿಗೆ ಕ್ಲಿಪ್ಪು ಸಿಕ್ಕಿಸಿ ಒಳಗಿನ ಸುರುಳಿಯನ್ನು ಕೆಂಪಗೆ ಕಾಯಿಸಬೇಕು, ಕೊನೆಗೆ ಕೋಲಿನಿಂದ ಮೂತಿಯ ಫ್ಯಾನನ್ನು ತಟ್ಟಬೇಕು. ನಾನು ತಟ್ಟಿದೆ. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ನಿಂತು ತಟ್ಟಿದೆ. ಕೊನೆಗೆ ಭಾವಮೈದ ಬಂದು ನೋಡಿದರೆ, ಆ ಕ್ಲಿಪ್ಪಿನೊಳಗಿನ ಪುಟ್ಟ ಬ್ಯಾಟರಿಯನ್ನೇ ನಾನು ಚಾರ್ಜು ಮಾಡಿರಲಿಲ್ಲ. ಬ್ಯಾಟರಿಯ ಮುಖವನ್ನೇ ನೋಡುವುದಿಲ್ಲವೆಂದು ಸಾರಿ ಬಂದ ಮೋಟಾರು ವೈಂಡಿಂಗಿನವನನ್ನು ಬ್ಯಾಟರಿಗಾಗಿ ಭಾವಮೈದನ ಮುಂದೆ ಕೈಯೊಡ್ಡುವಂತೆ ಮಾಡಿದ ತಮ್ಮ ನ್ಯಾಯಬುದ್ಧಿಗೆ ತಲೆಬಾಗುತ್ತೇನೆ. ಆಮೇಲೆ ಎದ್ದಿರಿ, ನಿಜ. ಆದರೆ ಹಿಂದುಮುಂದಾಗಿ ಎದ್ದಿರಿ. ಫ್ಯಾನು ಉಲ್ಟಾ ತಿರುಗಿ ವಿಮಾನವು ಬಾಲ ಮುಂದಾಗಿ ಓಡಿ ನನ್ನ ಮಡಚುಕುರ್ಚಿಯನ್ನು ಕೆಡವಿತು. ಬ್ಯಾಟರಿ ಮೋಟಾರು ಉಲ್ಟಾ ತಿರುಗಿದರೆ ಎರಡು ವೈರು ಅದಲುಬದಲು ಮಾಡಿದರಾಯಿತು ಎಂದು ಬಲ್ಲ ನಾನು, ಮಂಡಿಯೂರಿ ಕೂತು ತಮ್ಮ ಮೈಮೇಲೆ ಆ ಎರಡು ವೈರು ಎಲ್ಲಿವೆಯೆಂದು ಶ್ರದ್ಧೆಯಿಂದ ಹುಡುಕಿದ್ದನ್ನು ಇಡೀ ಮೈದಾನ ನೋಡಿತು. ಕೋಲು ಬಿಟ್ಟು ಬೆರಳಿನಿಂದ ತಟ್ಟುವ ಧೈರ್ಯ ಮಾಡಿದ್ದು ಆ ಅವಮಾನದ ಬಿಸಿಯಲ್ಲೇ. ಆ ಧೈರ್ಯಕ್ಕೆ ತಾವು ಕೊಟ್ಟ ಬಹುಮಾನವನ್ನು ಬಟ್ಟೆ ಸುತ್ತಿಕೊಂಡು ಧರಿಸಿದ್ದೇನೆ.

ತಮ್ಮ ಎಣ್ಣೆಯ ಔದಾರ್ಯವನ್ನು ಹೊಗಳದೆ ಮುಂದೆ ಹೋದರೆ ಕೃತಘ್ನನಾದೇನು. ಇಂಧನದಲ್ಲಿ ಬೆರೆಸಿ ಕುಡಿಸಿದರೆ ಹೊಗೆಯ ಜೊತೆ ತಾವು ಉಗುಳುವ ಆ ಹರಳೆಣ್ಣೆ ನನ್ನ ಅಂಗಿ, ಕನ್ನಡಕ, ಕಾರಿನ ಸ್ಟೇರಿಂಗು, ದಿಂಬು ಎಲ್ಲಕ್ಕೂ ಸಮನಾಗಿ ಸಂದಿದೆ. "ರಾತ್ರಿ ಪಕ್ಕದಲ್ಲಿ ಮಲಗಿರೋದು ಗಂಡನೋ ಗ್ಯಾರೇಜೋ ಗೊತ್ತಾಗ್ತಿಲ್ಲ" ಎಂದು ಹೆಂಡತಿ ಅಂದಾಗ, ತಮ್ಮ ಆಣೆಗೂ, ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಈಗ ಅಸಲು ದೂರಿಗೆ ಬರುತ್ತೇನೆ. ಕಳೆದ ಭಾನುವಾರ ತಾವು ಸೌಜನ್ಯದಿಂದ ಎದ್ದು, ಸರಿಯಾದ ದಿಕ್ಕಿಗೆ ತಿರುಗಿ, ವಿಮಾನವನ್ನು ಮೇಲೆತ್ತಿದಿರಿ. ಹೆಂಡತಿಯೂ ಆಕೆಯ ಅಂಗಡಿಯ ಗೆಳತಿಯರೂ ಬೇಲಿಯ ಪಕ್ಕ ಕಿವಿ ಮುಚ್ಚಿಕೊಂಡು ನಿಂತಿದ್ದರು. ನನಗೆ ಬ್ಯಾಟರಿ ಕಾಲದಿಂದಲೂ ಒಂದು ಚಾಳಿ: ಎತ್ತರಕ್ಕೆ ಹೋಗಿ ಕಡ್ಡಿಯನ್ನು ಪೂರ್ತಿ ಕೆಳಗೆಳೆದು, ಮೋಟಾರು ನಿಲ್ಲಿಸಿ, ವಿಮಾನವನ್ನು ಹದ್ದಿನಂತೆ ತೇಲಿಸಿ, ಜನರ ತಲೆ ಹತ್ತಿರ ಬಂದಾಗ ಮತ್ತೆ ಕಡ್ಡಿ ತಳ್ಳಿ ಬುರ್ರೆಂದು ಮೇಲಕ್ಕೇರಿಸುವುದು. ಅಭ್ಯಾಸಬಲದಿಂದ ಎಳೆದೆ. ತಾವು ನಿಂತಿರಿ. ತಳ್ಳಿದೆ. ತಾವು ನಿಂತೇ ಇದ್ದಿರಿ. ಕೆಟ್ಟ ಲಿಫ್ಟಿನ ಗುಂಡಿ ಒತ್ತುವವನಂತೆ ಮತ್ತೆ ಮತ್ತೆ ತಳ್ಳಿದೆ. ಒಮ್ಮೆ ನಿಂತ ಮೇಲೆ ನೆಲಕ್ಕಿಳಿದು ಕ್ಲಿಪ್ಪು ಸಿಕ್ಕಿಸಿ ಫ್ಯಾನು ತಟ್ಟುವವರೆಗೆ ಏಳುವುದಿಲ್ಲ ಎಂಬ ತಮ್ಮ ಮನೆತನದ ನಿಯಮ ಆಗ ನೆನಪಾಯಿತು. ಆಕಾಶದಲ್ಲಿ ಹಳದಿ ರೆಕ್ಕೆ, ನೆಲದ ಮೇಲೆ ಅದರ ಒಡತಿ, ನಡುವೆ ಬೆವರುವ ನಾನು. ನಾನು ಮಾಡಿದ್ದೆಲ್ಲ ಇಷ್ಟೇ: ಏನೂ ಮಾಡಲಿಲ್ಲ. ಒಂದು ಎಳೆ ಸೊಟ್ಟಗಿಲ್ಲದ ಆ ರೆಕ್ಕೆ ಗಾಳಿಯನ್ನು ತಾನೇ ಹಿಡಿದು, ಸುತ್ತು ಹಾಕಿ, ಹುಲ್ಲಿನ ಮೇಲೆ ಬಂದು ಕೂತಿತು.

ಚಪ್ಪಾಳೆ ಬಿತ್ತು. ಬೇಕೆಂದೇ ಎಂಜಿನ್ ನಿಲ್ಲಿಸಿ ಇಳಿಸಿದೆನೆಂದು ಜನ ತಿಳಿದರು, ತಿಳಿದವರನ್ನು ತಿದ್ದುವುದು ಅವಿನಯವೆಂದು ನಾನು ಬಗ್ಗಿ ನಮಸ್ಕರಿಸಿದೆ. ಹೆಂಡತಿ ಕಿವಿಯಿಂದ ಕೈ ತೆಗೆದು, "ಸದ್ದು ನಿಂತ್ಮೇಲೆ ಎಷ್ಟ್ ಚೆಂದ ಹಾರ್ತಲ್ರೀ! ಮುಂದಿನ್ ವಾರಾನೂ ಹಿಂಗೇ ಇಳ್ಸಿ, ನಮ್ಮಕ್ಕನ್ನೂ ಕರ್ಕೊಂಡ್ ಬರ್ತೀನಿ" ಅಂದಳು. ಮದುವೆಯಾದಂದಿನಿಂದ ಆಕೆ ನನ್ನ ಕೆಲಸವೊಂದನ್ನು ಹಾಗೆ ಕಣ್ಣರಳಿಸಿ ನೋಡಿದ್ದು ಅದೇ ಮೊದಲು, ಆ ಕೆಲಸವನ್ನು ಮಾಡಿದ್ದು ನಾನಲ್ಲ. ಭಾವಮೈದ ಮಾತ್ರ ಕಿವಿಯ ಹತ್ತಿರ ಬಂದು, "ಭಾವ, ತಾನಾಗೇ ನಿಂತ್ಹೋಯ್ತಲ್ವಾ?" ಅಂದ. "ನಾನೇ ನಿಲ್ಸಿದ್ದು ಕಣೋ" ಅಂದೆ. "ಆಯ್ತಾಯ್ತು" ಎಂದು ನಕ್ಕು, ನನ್ನ ಮೇಲಿನ ಕರುಣೆಯಿಂದ, ಇನ್ನು ಹಾಗೆ ನಿಲ್ಲದಿರಲೆಂದು ತಮ್ಮ ಯಾವುದೋ ಸ್ಕ್ರೂ ಬಿಗಿಮಾಡಿ ಹೋದ.

ಅಂದಿನಿಂದ ತಾವು ನಿಲ್ಲುವುದನ್ನೇ ಬಿಟ್ಟಿದ್ದೀರಿ. ಕಡ್ಡಿ ಪೂರ್ತಿ ಕೆಳಗೆಳೆದರೂ ಗೊರಗೊರನೆ ನಡೆಯುತ್ತಲೇ ಇರುತ್ತೀರಿ. ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಇಂಧನದ ಕೊಳವೆ ಹಿಸುಕಿಯೇ ನಿಲ್ಲಿಸಬೇಕಾಯಿತು. ಆಕಾಶದಲ್ಲಿ ಕೊಳವೆ ಹಿಸುಕಲು ನನ್ನ ಕೈ ಅಷ್ಟುದ್ದವಿಲ್ಲ. ತಮ್ಮ ಮೈಮೇಲಿನ ಸ್ಕ್ರೂಗಳಲ್ಲಿ ಯಾವುದನ್ನು ಮುಟ್ಟಿದನೆಂದು ಭಾವಮೈದನನ್ನು ಕೇಳಿದರೆ, "ಹೋದ್ವಾರ ನಿಲ್ಸಿದ್ದು ನೀವೇ ಅಲ್ವಾ ಭಾವ, ಹೆಂಗ್ ನಿಲ್ಸಿದ್ರಿ?" ಎನ್ನುತ್ತಾನೆ. ಕೇಳದೆ ನಾನೇ ತಿರುಗಿಸಿ, ತಾವು ಏರುವಾಗಲೇ ಕೈಕೊಟ್ಟರೆ ರೆಕ್ಕೆ ಉಳಿಯುವುದಿಲ್ಲ.

ಆದುದರಿಂದ ಪ್ರಾರ್ಥನೆ: ನಾಳೆ ಬೆಳಿಗ್ಗೆ, ಹೆಂಡತಿಯ ಅಕ್ಕ ಕುರ್ಚಿಯಲ್ಲಿ ಸರಿಯಾಗಿ ಕೂತ ಮೇಲೆ, ವಿಮಾನ ಗಾಳಿಗೆ ಮುಖಮಾಡಿ ಮೈದಾನದ ನೆತ್ತಿಯ ಮೇಲಿರುವಾಗ, ನಾನು ಕೆಮ್ಮಿದ ಕೂಡಲೇ ತಾವು ದಯವಿಟ್ಟು ನಿಲ್ಲಬೇಕು. ಅದಕ್ಕೆ ಮುಂಚೆ ನಿಲ್ಲಬಾರದು. ನಿಂತದ್ದು ನನ್ನ ಕೈಚಳಕವೆಂದು ತೋರುವಂತೆ ಗಂಭೀರವಾಗಿ ನಿಲ್ಲಬೇಕು. ಇದು ಸಾಧ್ಯವಿಲ್ಲವಾದರೆ, ನನ್ನ ಪರವಾಗಿ ತಾವೇ ಹೆಂಡತಿಗೆ ನಿಜ ಹೇಳಬೇಕು. ಇಡೀ ಬೀದಿಗೆ ಕೇಳುವ ಕಂಠ ತಮ್ಮದು, ನನ್ನದು ಈ ಒಂದು ವಿಷಯದಲ್ಲಿ ಮೇಲೇಳುತ್ತಿಲ್ಲ.

ಎಣ್ಣೆ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಪ್ಪಣೆಗೆ ಕಾದಿರುವ,
ತಮ್ಮ ವಿಶ್ವಾಸಿ,
ಹತ್ತು ಬೆರಳುಗಳಲ್ಲಿ ಒಂಬತ್ತನ್ನು ಇನ್ನೂ ನೆಟ್ಟಗೆ ಉಳಿಸಿಕೊಂಡಿರುವ ತಮ್ಮ ಚಾಲಕ

ವಿ.ಸೂ.: ಇದನ್ನು ಬರೆಯುತ್ತಿರುವಾಗಲೇ ಪಕ್ಕದ ಕೋಣೆಯಲ್ಲಿ ಕತ್ತರಿಯ ಸದ್ದು ಕೇಳಿ ಇಣುಕಿದೆ. ಹೆಂಡತಿ ಯಾರೂ ಕೇಳದೆಯೇ ಹೊಸ ಹಾಳೆ ಬಿಚ್ಚಿ ಇನ್ನೊಂದು ಜೊತೆ ರೆಕ್ಕೆಗೆ ಅಳತೆ ಹಾಕುತ್ತಿದ್ದಾಳೆ. ಯಾಕೆ ಎಂದು ಕೇಳಿದ್ದಕ್ಕೆ, "ಸುಮ್ನೆ, ಇರ್ಲಿ ಅಂತ" ಅಂದಳು, ನನ್ನ ಮುಖ ನೋಡದೆ. ನಿಂತದ್ದು ತಾವೋ ನಿಲ್ಲಿಸಿದ್ದು ನಾನೋ ಎಂಬ ಗುಟ್ಟು ನಮ್ಮಿಬ್ಬರಲ್ಲೇ ಇದೆಯೆಂದು ತಾವಿನ್ನೂ ನಂಬಿದ್ದರೆ, ತಮ್ಮ ಬುದ್ಧಿಯೂ ನನ್ನ ಬುದ್ಧಿಯಷ್ಟೇ ಎಂದು ಸಂತೋಷಪಡುತ್ತೇನೆ.