ಎರಡು ದೇಶಗಳ ನಡುವೆ ಒಂದು ಸಂಸಾರ

ಹೆಂಡತಿ: ಹೇಳಿದ್ರೋ ಇಲ್ವೋ, ಅಷ್ಟು ಹೇಳಿ ಸಾಕು.

ಗಂಡ: ಏನಂತ?

ಹೆಂಡತಿ: ರಾಂಗ್ ನಂಬರ್ ಅಂತ.

ಗಂಡ: ಹೇಳಿರಬಹುದು. ದಿನಕ್ಕೆ ಹತ್ತು ರಾಂಗ್ ನಂಬರ್ ಬರುತ್ತೆ, ಎಷ್ಟು ಅಂತ ನೆನಪಿಟ್ಕೊಳ್ಳಲಿ?

ಹೆಂಡತಿ: ವಿದೇಶಾಂಗ ಕಚೇರಿಯವರು ನನ್ನ ಹೆಸರು ಹಿಡಿದು ಕೇಳಿದ್ದು ರಾಂಗ್ ನಂಬರಾ?

ಗಂಡ: ಇಪ್ಪತ್ತೆಂಟು ವರ್ಷದಿಂದ ಅವರು ಈ ಮನೆಗೆ ಫೋನ್ ಮಾಡಿದ್ದು ನನಗೆ ಕಣೇ. ‘ಮೇಡಂ ಇದ್ದಾರಾ’ ಅಂದ್ರು. ಪಾಪ, ಮನೆ ತಪ್ಪಿರಬೇಕು ಅಂದ್ಕೊಂಡೆ.

ಹೆಂಡತಿ: ನಿನ್ನೆ ಮತ್ತೆ ಮಾಡಿದ್ರು. ನಾನೇ ಎತ್ತಿದೆ. ಮನೆ ಏನೂ ತಪ್ಪಿರಲಿಲ್ಲ.

ಗಂಡ ಕೋಟಿನ ಗುಂಡಿ ಹಾಕಿಕೊಳ್ಳುವುದರಲ್ಲಿ ಮಗ್ನನಾದ. ಗುಂಡಿ ಆಗಲೇ ಹಾಕಿತ್ತು, ಅದು ಬೇರೆ ವಿಷಯ.

ಇಬ್ಬರೂ ದುಭಾಷಿಗಳು. ಅವನದು ತೈಲ ದೇಶದ ಭಾಷೆ. ಲೋಕದ ವಾಹನಗಳೆಲ್ಲ ಪೆಟ್ರೋಲು ಕುಡಿದು ಓಡುತ್ತಿದ್ದ ಕಾಲದಲ್ಲಿ ಆ ದೇಶದ ಮಂತ್ರಿ ಸೀನಿದರೂ ಅದರ ಅರ್ಥ ಹೇಳಲು ಇವನ ಮನೆ ಬಾಗಿಲಿಗೆ ಕಾರು ಬರುತ್ತಿತ್ತು. ಅವಳದು ಬೆಟ್ಟದ ದೇಶದ ಭಾಷೆ. ಉಣ್ಣೆ ಬಿಟ್ಟರೆ ಮಾರಲು ಮತ್ತೇನೂ ಇಲ್ಲದ ದೇಶ. ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ದಕ್ಕಿದ್ದು ಒಂದು ಕಂಬಳಿ ಪ್ರದರ್ಶನ, ಒಬ್ಬ ದಾರಿ ತಪ್ಪಿದ ಪ್ರವಾಸಿ, ಮತ್ತು ‘ಕುರಿ ಭಾಷೆ’ ಎಂದು ಗಂಡನಿಟ್ಟ ಅಡ್ಡಹೆಸರು.

ಈಗ ಬಿಸಿಲು ಗಾಳಿಗಳಿಂದ ಕರೆಂಟು ತೆಗೆಯುವ ಕಾಲ. ಆ ಕರೆಂಟನ್ನು ಕೂಡಿಡುವ ಬ್ಯಾಟರಿಗೆ ಬೇಕಾದ ಲೋಹ ಅದೇ ಬೆಟ್ಟಗಳ ಹೊಟ್ಟೆಯಲ್ಲಿದೆ ಎಂದು ಗೊತ್ತಾದದ್ದೇ ತಡ, ದೊಡ್ಡ ದೊಡ್ಡ ದೇಶಗಳಿಗೆ ಬೆಟ್ಟದವರು ಬೀಗರಾಗಿಬಿಟ್ಟರು. ಕೊಳಾಯಿ ತಿರುಗಿಸಿ ಲೋಕವನ್ನೇ ಕುಣಿಸಿದ್ದ ತೈಲ ದೇಶವೂ ಸಾಲಿನಲ್ಲಿ ಬಂದು ನಿಂತಿತು. ಮಾತುಕತೆಗೆ ನಡುವಿನ ದೇಶವಾಗಿ ಸಿಕ್ಕಿದ್ದು ಇವರದು.

ಹೆಂಡತಿ: ಇಪ್ಪತ್ತೆರಡು ವರ್ಷಕ್ಕೆ ಒಂದು ಫೋನ್ ಬಂತು ನನಗೆ. ಅದನ್ನೂ ಕುಕ್ಕಿದ್ರಿ. ಇನ್ನು ನಿಮ್ಮ ಹತ್ರ ನನಗೆ ಮಾತಿಲ್ಲ.

ಗಂಡ: ಮಾತಾಡಬೇಡ. ನನಗೂ ಪುರಸೊತ್ತಿಲ್ಲ. ಕಾರು ಬಂತು.

ಡ್ರೈವರ್ ಇಳಿದು ಹಿಂದಿನ ಬಾಗಿಲು ತೆರೆದ. ಗಂಡ ತಲೆ ಬಗ್ಗಿಸಿ ಒಳಗೆ ಕಾಲಿಟ್ಟ.

ಡ್ರೈವರ್: ಸಾರ್, ಸ್ವಲ್ಪ ಇರಿ. ಮೇಡಂ ಮೊದಲು ಹತ್ತಲಿ. ನಿಮ್ಮನ್ನೂ ಕರ್ಕೊಂಡು ಬಾ ಅಂದಿದ್ದಾರೆ.

ಆ ‘ನಿಮ್ಮನ್ನೂ’ ಎಂಬುದನ್ನು ಗಂಡ ದಾರಿಯುದ್ದಕ್ಕೂ ನುಂಗಲಾರದೆ ಕುಳಿತಿದ್ದ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ದಪ್ಪ ಮೀಸೆಯ ತೈಲ ಮಂತ್ರಿ, ಎದುರಿಗೆ ಶಾಲು ಹೊದ್ದ ಬೆಟ್ಟದ ಮಂತ್ರಿ, ಅಜ್ಜಿಯಂಥ ಹೆಂಗಸು. ಮೇಜಿನ ತುದಿಯಲ್ಲಿ ಗಂಡ ಹೆಂಡಿರಿಗೆ ಅಕ್ಕಪಕ್ಕದ ಕುರ್ಚಿ. ವಿದೇಶಾಂಗ ಕಾರ್ಯದರ್ಶಿ ಬಗ್ಗಿ ಪಿಸುಗುಟ್ಟಿದರು.

ಕಾರ್ಯದರ್ಶಿ: ಈ ಎರಡೂ ಭಾಷೆ ಬರೋರು ಒಬ್ಬರೂ ಸಿಗಲಿಲ್ಲ. ಈ ಎರಡು ದೇಶ ಒಂದಿನ ಮಾತಾಡ್ತಾವೆ ಅಂತ ಯಾರು ಅಂದ್ಕೊಂಡಿದ್ರು? ತೈಲ ಮಂತ್ರಿ ಮಾತನ್ನ ಸಾರ್ ನಮ್ಮ ಭಾಷೆಗೆ ತರಲಿ, ಮೇಡಂ ಅದನ್ನ ಬೆಟ್ಟದವರಿಗೆ ದಾಟಿಸಲಿ. ಬರುವಾಗ ಉಲ್ಟಾ. ನೀವಿಬ್ಬರು ಮಾತಾಡ್ಕೊಂಡ್ರೆ ದೇಶಗಳು ಮಾತಾಡ್ಕೊಂಡ ಹಾಗೆ.

ಗಂಡ: ಅದೇ ಕಷ್ಟ ಸಾರ್. ಬೆಳಿಗ್ಗೆಯಿಂದ ನಮ್ಮನೇಲಿ ಸಂಬಂಧ ಕಡಿದುಹೋಗಿದೆ.

ಕಾರ್ಯದರ್ಶಿ ತಮಾಷೆಯೆಂದು ನಕ್ಕು ತಮ್ಮ ಕುರ್ಚಿಗೆ ಹೋದರು. ದುಭಾಷಿಯ ಕಸುಬಿನಲ್ಲಿ ಒಂದು ಕಟ್ಟುಪಾಡು ಉಂಟು. ‘ಅವರು ಹೀಗಂದರು’ ಎನ್ನುವಂತಿಲ್ಲ, ‘ನಾನು’ ಎಂದೇ ಹೇಳಬೇಕು. ಒಂದಕ್ಷರ ಸೇರಿಸುವಂತಿಲ್ಲ, ಬಿಡುವಂತಿಲ್ಲ. ಬೆಟ್ಟದ ಮಂತ್ರಿ ಮೆಲ್ಲಗೆ ಏನೋ ಹೇಳಿ ಮುಗಿಸಿದರು.

ಹೆಂಡತಿ (ಜೋರಾಗಿ): “ಇಷ್ಟು ವರ್ಷ ನೀವು ನನ್ನ ಕಡೆ ತಿರುಗಿಯೂ ನೋಡಲಿಲ್ಲ!”

ಗಂಡ (ಪಿಸುದನಿಯಲ್ಲಿ): ಇದು ಅವರು ಹೇಳಿದ್ದಾ, ನೀನಾ?

ಹೆಂಡತಿ: ಅವರು. ದಾಟಿಸಿ.

ಗಂಡ: ಅವರು ಮೆಲ್ಲಗೆ ಹೇಳಿದ ಹಾಗಿತ್ತು.

ಹೆಂಡತಿ: ಆ ಭಾಷೇಲಿ ಮೆಲ್ಲಗೆ ಹೇಳಿದ್ರೇ ಜೋರು. ಕುರಿ ಭಾಷೆ ಅಲ್ವಾ, ನಿಮಗೆಲ್ಲಿ ತಿಳಿಯುತ್ತೆ.

ಅವನು ದಾಟಿಸಿದ. ತೈಲ ಮಂತ್ರಿ ಮೀಸೆ ನೇವರಿಸಿಕೊಂಡು ಉತ್ತರಿಸಿದರು.

ಗಂಡ: “ಹಳೇದನ್ನ ಯಾಕೆ ಕೆದಕ್ತೀರಿ? ಈಗ ಬಂದಿದ್ದೀನಲ್ಲ.”

ಹೆಂಡತಿ: ಇದು ಯಾರು?

ಗಂಡ: ಅವರೇ! ನಿನ್ನಾಣೆ!

ಹೆಂಡತಿ: ಧಾಟಿ ಥೇಟ್ ನಿಮ್ಮದೇ ಇದೆ.

ಆಮೇಲೆ ಚೆಂಡು ಈ ಕಡೆಯಿಂದ ಆ ಕಡೆಗೆ ಪುಟಿಯಿತು.

ಹೆಂಡತಿ: “ಬಂದಿದ್ದು ನನ್ನ ಮೇಲಿನ ಪ್ರೀತಿಗಲ್ಲ. ನಿಮ್ಮ ಸರಕನ್ನ ಕೇಳೋರು ಕಮ್ಮಿಯಾದ್ರು, ಅದಕ್ಕೆ ಬಂದ್ರಿ.”

ಗಂಡ: “ಕಮ್ಮಿಯಾಗಿರಬಹುದು, ನಿಂತಿಲ್ಲ. ಇವತ್ತಿಗೂ ನನಗೊಂದು ಮರ್ಯಾದೆ ಇದೆ.”

ಹೆಂಡತಿ: “ನೆಲ ಅಗೆದು ಮಣ್ಣು ಹೊತ್ಕೊಂಡು ಹೋಗೋದಕ್ಕೆ ಬಿಡಲ್ಲ. ಬ್ಯಾಟರಿ ಕಾರ್ಖಾನೆ ನಮ್ಮ ಬೆಟ್ಟದಲ್ಲೇ ಆಗಬೇಕು. ಕೆಲಸ ನಮ್ಮ ಮಕ್ಕಳಿಗೆ.”

ಗಂಡ: “ಒಪ್ಪಿದೆ.” (ಪಿಸುದನಿಯಲ್ಲಿ) ಇದು ನಿಜವಾಗ್ಲೂ ಅವರೇ ಕಣೇ.

ಹೆಂಡತಿ: ಗೊತ್ತು. ನೀವು ಯಾವತ್ತು ಇಷ್ಟು ಬೇಗ ಒಪ್ಪಿದ್ದೀರಿ?

ಕಾರ್ಯದರ್ಶಿ: ಏನಾದ್ರೂ ತೊಂದರೆನಾ?

ಇಬ್ಬರೂ: ಪದದ ಅರ್ಥ ನೋಡ್ತಿದ್ದೀವಿ ಸಾರ್.

ಕಾರ್ಖಾನೆ, ರಸ್ತೆ, ನದಿಯ ನೀರು, ಎಲ್ಲ ಒಂದೊಂದಾಗಿ ಇತ್ಯರ್ಥವಾಯಿತು. ಪೆನ್ನು ಕೈಗೆ ತೆಗೆದುಕೊಂಡ ಬೆಟ್ಟದ ಮಂತ್ರಿ ಅದನ್ನು ಮತ್ತೆ ಕೆಳಗಿಟ್ಟರು.

ಹೆಂಡತಿ: “ಒಂದು ಉಳಿದಿದೆ. ನೀವು ನನ್ನನ್ನ ಗೇಲಿ ಮಾಡಿದ್ರಿ. ಕುರಿ ಕಾಯೋರು ಅಂದ್ರಿ. ಅದಕ್ಕೊಂದು ಮಾತು ಹೇಳಿ, ಸಹಿ ಹಾಕ್ತೀನಿ.”

ಈ ಸಲ ಅವಳ ಸ್ವರ ಏರಲಿಲ್ಲ. ಗಂಡ ದಾಟಿಸಿದ. ತೈಲ ಮಂತ್ರಿ ಕಿವಿ ಉಜ್ಜಿಕೊಳ್ಳುತ್ತ ಗೊಣಗಿದ್ದು ಇಷ್ಟೇ: ಈ ಎ.ಸಿ. ಕಮ್ಮಿ ಮಾಡಿಸಯ್ಯಾ, ಆಮೇಲೆ ನೋಡೋಣ.

ಗಂಡ ಬಾಯಿ ತೆರೆದ. ಹೆಂಡತಿಯ ಮುಂದಿದ್ದ ನೋಟ್ ಪುಸ್ತಕ ಕಣ್ಣಿಗೆ ಬಿತ್ತು. ಆ ಭಾಷೆಗೆ ನಿಘಂಟೇ ಇರಲಿಲ್ಲ; ಅಡುಗೆಮನೆಯ ಕಿಟಕಿಯ ಬಳಿ ಕುಳಿತು ಒಂದೊಂದೇ ಪದ ಸೇರಿಸಿ ಅವಳೇ ಬರೆದದ್ದು. ಪುಟಗಳ ಅಂಚು ಸವೆದು ಮೆತ್ತಗಾಗಿತ್ತು. ಯಾರೂ ಕರೆಯದ ಇಪ್ಪತ್ತೆರಡು ವರ್ಷ ಅವಳು ತಯಾರಾಗಿಯೇ ಇದ್ದಳಲ್ಲ ಎಂದು ನೆನೆದು ಅವನಿಗೆ ತುಂಬ ನಾಚಿಕೆಯಾಯಿತು.

ಗಂಡ (ಅವಳಿಗಷ್ಟೇ ಕೇಳುವಂತೆ): “ತಪ್ಪಾಯ್ತು. ಗೇಲಿ ಮಾಡಿದ್ದು ತಪ್ಪು. ನಿನ್ನ ಕಾಲ ಬಂತು ಅಂತ ಗೊತ್ತಾದಾಗ ಖುಷಿ ಪಡೋದು ಬಿಟ್ಟು ಹೊಟ್ಟೆ ಉರ್ಕೊಂಡೆ. ನನ್ನನ್ನ ಇನ್ಯಾರು ಕರೀತಾರೆ ಅಂತ ಹೆದರಿಕೆ ಆಯ್ತು. ಅದಕ್ಕೇ ಹಾಗೆ ಮಾಡಿದೆ.”

ಹೆಂಡತಿ ಅವನನ್ನೇ ನೋಡಿದಳು. ಆಮೇಲೆ ಬೆಟ್ಟದ ಮಂತ್ರಿಯ ಕಡೆ ತಿರುಗಿ ಎರಡೇ ಎರಡು ಮಾತು ಹೇಳಿದಳು. ಆ ಹೆಂಗಸು ಎದ್ದು ಬಂದು, ತಮ್ಮ ಶಾಲು ತೆಗೆದು ತೈಲ ಮಂತ್ರಿಯ ಕಿವಿ ಮುಚ್ಚುವ ಹಾಗೆ ಹೊದಿಸಿದರು. ತೈಲ ಮಂತ್ರಿ ಅದನ್ನು ಮುಟ್ಟಿ ನೋಡಿ, ಇದು ಯಾವುದರ ಉಣ್ಣೆ ಎಂದು ಕೇಳಿದರು. ಕುರಿಯದು ಎಂಬ ಉತ್ತರ ಎರಡು ಭಾಷೆ ದಾಟಿ ಬಂದು ತಲುಪಿದಾಗ ಅವರ ಮೀಸೆಯ ಕೆಳಗಿನ ಮುಖ ಕೆಂಪಾಯಿತು. ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ಸಹಿ ಬಿತ್ತು.

ಹೊರಗೆ ಮೆಟ್ಟಿಲ ಮೇಲೆ ಗಂಡ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದ.

ಗಂಡ: ಕೆಲಸ ಕೆಟ್ಟಿತು ಕಣೇ. ಆ ‘ತಪ್ಪಾಯ್ತು’ ಅವರು ಹೇಳಿದ್ದಲ್ಲ. ಅವರು ಎ.ಸಿ. ಕಮ್ಮಿ ಮಾಡಿಸು ಅಂದಿದ್ರು. ನಾಳೆ ಪೇಪರಲ್ಲಿ ಬಂದ್ರೆ ನನ್ನ ಕಥೆ ಮುಗೀತು.

ಹೆಂಡತಿ: ಯಾಕೆ ಬರುತ್ತೆ? ನಾನು ಅದನ್ನ ದಾಟಿಸಲೇ ಇಲ್ವಲ್ಲ.

ಗಂಡ: ಇಲ್ವಾ? ಮತ್ತೆ ಏನು ಹೇಳಿದೆ?

ಹೆಂಡತಿ: ‘ಅವರಿಗೆ ಚಳಿಯಾಗ್ತಿದೆ’ ಅಂದೆ. ಕಿವಿ ಉಜ್ಕೊಳ್ತಿದ್ದದ್ದು ಕಾಣ್ತಿತ್ತು.

ಗಂಡ: ಹಾಗಾದ್ರೆ ನನ್ನ ‘ತಪ್ಪಾಯ್ತು’ ಏನಾಯ್ತು?

ಹೆಂಡತಿ: ಅದು ನನಗೆ ಬಂದಿದ್ದು. ನಾನೇ ಇಟ್ಕೊಂಡೆ. ಬೆಟ್ಟದವರಿಗೆ ಯಾಕೆ ಕೊಡಲಿ?

ಗಂಡ: ನಂದು ಅಂತ ಹೇಗೆ ಗೊತ್ತಾಯ್ತು?

ಹೆಂಡತಿ: ಹೊಟ್ಟೆ ಉರ್ಕೊಂಡೆ ಅಂತ ಯಾವ ದೇಶದ ಮಂತ್ರಿ ಒಪ್ಕೊಳ್ತಾನೆ ರೀ?

ಗಂಡ ತಲೆ ಕೆರೆದುಕೊಂಡ. ಅವನಿಗೆ ಇನ್ನೂ ಒಂದು ಬಾಕಿ ಇತ್ತು.

ಗಂಡ: ಸರಿ. ಅದಕ್ಕೆ ನಿನ್ನ ಉತ್ತರ?

ಅವಳು ಬೆಟ್ಟದ ಭಾಷೆಯಲ್ಲಿ ಏನೋ ಒಂದು ಸಣ್ಣ ಮಾತು ಹೇಳಿ ಮೆಟ್ಟಿಲು ಇಳಿದಳು.

ಗಂಡ: ಏನು ಹಾಗಂದ್ರೆ?

ಹೆಂಡತಿ: ನಾಳೆಯಿಂದ ನನ್ನ ಹತ್ರ ಪಾಠಕ್ಕೆ ಕೂತ್ಕೊಳ್ಳಿ. ಆರು ತಿಂಗಳಲ್ಲಿ ನಿಮಗೇ ಅರ್ಥ ಆಗುತ್ತೆ.

ಗಂಡ: ಆರು ತಿಂಗಳು ಕಾಯಬೇಕಾ?

ಹೆಂಡತಿ: ನಾನು ಇಪ್ಪತ್ತೆರಡು ವರ್ಷ ಕಾದಿಲ್ವಾ?

ಗಂಡ ಕೋಟಿನ ಜೇಬಿನಿಂದ ಪೆನ್ನು ತೆಗೆದು ಅವಳ ಹಿಂದೆಯೇ ಓಡಿದ.

ಗಂಡ: ನಿಧಾನವಾಗಿ ಇನ್ನೊಂದ್ಸಲ ಹೇಳು. ಬರ್ಕೋತೀನಿ.